ಕರ್ಟ್ ಸಾಲ್ಮೆಲಾ ಎರಡು ಸಲ ಮನೆ ಬಿಟ್ಟದ್ದು

ಕರ್ಟ್ ಸಾಲ್ಮೆಲಾ ಬಹಳ ಒಳ್ಳೆಯವನು ಅಂತ ಈಗ ಊರೆಲ್ಲ ಹೇಳುತ್ತೆ. ಒಳ್ಳೆಯವನಂತೆ, ಒಳ್ಳೆಯವನು! ಕುಡುಕ ಅವನು. ಬಾಯಿ ಬಿಟ್ಟರೆ ಸುಳ್ಳು. ಮೂವತ್ತು ದಾಟಿದ ಮೇಲೂ ನನ್ನ ಅಂಗಡಿಗೆ ಬಂದರೆ ಗಾಳದ ಡಬ್ಬಿ ಒಂದಾದರೂ ಅವನ ಜೇಬಿಗೆ ಇಳಿದಿರುತ್ತಿತ್ತು. ಕೆರೆ ದಂಡೆಯಲ್ಲಿ ಗಾಳಕ್ಕೆ ಸಿಕ್ಕಿಸುವ ಮರಿಮೀನು, ಹಗ್ಗ, ಕಾಫಿ ಮಾರಿಕೊಂಡು ಮುದುಕನಾದವನು ನಾನು. ವೈನೋ ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಸತ್ತವರ ಬಗ್ಗೆ ಸಿಹಿ ಮಾತಾಡೋದು ನನಗೆ ಬರಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ.

ರೆನೇಯನ್ನ ಮದುವೆಯಾದಾಗ ಅವನು ಮರದ ದಿಮ್ಮಿ ಸಾಗಿಸೋ ಲಾರಿ ಓಡಿಸುತ್ತಿದ್ದ. ರೆನೇ ಊರಿನ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಊಟ ಮಾಡಿಸೋ ಕೆಲಸದವಳು. ಕಡಿಮೆ ಮಾತು, ಗಟ್ಟಿ ಹೆಂಗಸು. ಅವರಿಗೆ ಟೆಸ್ಸಾ ಹುಟ್ಟಿದಳು. ಮಗುವಿಗೆ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿ ಹೆಸರಿಟ್ಟ ದಿನ, ಮನೆ ತುಂಬಾ ನೆಂಟರು ಕೂತಿರುವಾಗ, ಕರ್ಟ್ ಊಟಕ್ಕೆ ಹಂದಿತೊಡೆ ಹ್ಯಾಮ್ ತರ್ತೀನಿ ಅಂತ ಎದ್ದು ಹೋದ. ಹ್ಯಾಮೂ ಬರಲಿಲ್ಲ, ಅವನೂ ಬರಲಿಲ್ಲ. ಪಕ್ಕದ ನಾರ್ತ್ ಡಕೋಟಾ ರಾಜ್ಯದ ಎಣ್ಣೆ ಬಾವಿಗಳ ಕಡೆ ಇದ್ದಾನೆ, ಜೊತೆಗೆ ಯಾರೋ ಇದ್ದಾಳೆ ಅಂತ ಆಮೇಲೆ ಗೊತ್ತಾಯ್ತು. ರೆನೇ ಆ ದಿನ ನೆಂಟರಿಗೆ ಮೊಟ್ಟೆ ಬೇಯಿಸಿ ಹಾಕಿ ಕಳಿಸಿದಳು. ಕೋರ್ಟಿಗೆ ಹೋಗಿ ಡೈವೋರ್ಸ್ ತಗೊಂಡಳು. ಅವನ ಹೆಸರು ಎತ್ತಿದ್ದನ್ನ ನಾನು ಕೇಳಿಲ್ಲ. ಅದು ಅವನು ಮೊದಲನೇ ಸಲ ಮನೆ ಬಿಟ್ಟದ್ದು. ಥೂ, ಅಂಥವನು.

ಟೆಸ್ಸಾಗೆ ನಾಲ್ಕು ತುಂಬಿದ ವರ್ಷ, ಎಲೆ ಉದುರೋ ಕಾಲದಲ್ಲಿ, ಬಸ್ಸಿನಿಂದಿಳಿದು ಒಬ್ಬ ನನ್ನ ಅಂಗಡಿಗೆ ಬಂದ. ಗುರುತೇ ಸಿಗಲಿಲ್ಲ.

"ವೈನೋ, ಕಾಫಿ ಇದೆಯಾ?"

ಧ್ವನಿ ಕೇಳಿ ಗೊತ್ತಾಯ್ತು. "ದುಡ್ಡಿದೆಯಾ?"

"ಇಲ್ಲ."

"ಕೂತ್ಕೊಂಡು ಕುಡಿ. ಏನೋ ಇದು, ಸಿಹಿಗುಂಬಳದ ಹಳದಿ ಬಣ್ಣಕ್ಕೆ ತಿರುಗಿದ್ದೀಯ?"

"ಲಿವರ್ರು. ಬರೋ ಬೇಸಿಗೆವರೆಗೂ ಬದುಕಲ್ಲ ಅಂದ್ರು ಡಾಕ್ಟ್ರು."

ಅವನ ಸ್ವಂತ ಅಣ್ಣ ಇದೇ ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿಕೊಂಡಿದ್ದಾನೆ. ತಮ್ಮ ಬಂದು ಬಾಗಿಲು ತಟ್ಟಿದರೆ, ಹೊಸ ಕಾರ್ಪೆಟ್ ಹಾಕಿಸಿದ್ದೀವಿ, ಈಗ ಆಗಲ್ಲ ಅಂದನಂತೆ. ಕಾರ್ಪೆಟ್ಟಂತೆ! ಕೊನೆಗೆ ಒಳಗೆ ಕರೆದವಳು ಯಾರು ಅಂದರೆ ರೆನೇ. ಬಾಗಿಲು ತೆಗೆದು, "ಬೂಟು ಬಿಚ್ಚಿ ಬಾ" ಅಂದಳಂತೆ. ಅಷ್ಟೇ. ಹಾಲ್‌ನಲ್ಲಿದ್ದ ಸೋಫಾದ ಮೇಲೆ ಹಾಸಿ ಕೊಟ್ಟಳು.

"ಮತ್ತೆ ಗಂಡ ಮಾಡ್ಕೊಂಡ್ಯೇನಮ್ಮ?" ಅಂತ ನಾನು ಕೆಣಕಿದೆ.

"ಗಂಡ ಅಲ್ಲ, ಮಣ್ಣೂ ಅಲ್ಲ" ಅಂದಳು. "ದಿನಾ ಗೊತ್ತಿಲ್ಲದವರ ಕುಂಡೆ ತೊಳೀತೀನಿ ವೈನೋ. ಗೊತ್ತಿರೋನು ಬೀದೀಲಿ ಸಾಯೋದನ್ನ ನೋಡ್ಕೊಂಡು ಕೂರಕ್ಕಾಗುತ್ತಾ?"

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಯಾಗಿರೋದು. ಆದರೆ ನಮ್ಮ ಊರಿಗೆ ಒಂದು ರೋಗ ಇದೆ. ಯಾರಿಗಾದರೂ ಕಾಯಿಲೆ ಅಂದರೆ ಸಾಕು, ಎಲ್ಲ ಸೇರಿ ಸ್ಪಗೆಟ್ಟಿ ಊಟ ಇಟ್ಟು ದುಡ್ಡು ಎತ್ತುತ್ತಾರೆ. ಹಳೇ ಸಿಪಾಯಿಗಳ ಸಂಘದ ಹಾಲ್‌ನಲ್ಲಿ ಮೇಜು ಜೋಡಿಸಿ, ಹಂದಿಮಾಂಸದ ತುಂಡುಗಳಿಗೆ ಲಾಟರಿ ಹಾಕಿ, ಹೆಂಗಸರೆಲ್ಲ ತಟ್ಟೆಗಟ್ಟಲೆ ಸಿಹಿ ಮಾಡಿ ತರುತ್ತಾರೆ. ಇದನ್ನೆಲ್ಲ ನಡೆಸೋಳು ಚರ್ಚಿನ ಲವಾನ್. ಕಾಯಿಲೆಯವರ ವಾಸನೆ ಹತ್ತು ಮೈಲಿ ದೂರದಿಂದ ಹಿಡಿಯುತ್ತಾಳೆ. ರೆನೇ ಬೇಡ ಬೇಡ ಅಂದರೂ ಬಿಡಲಿಲ್ಲ. ಒಂದು ಪೋಸ್ಟರ್ ಮಾಡಿಸಿದಳು. ಸೋಫಾದ ಮೇಲೆ ಮೂವರನ್ನೂ ಕೂರಿಸಿ ತೆಗೆದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, "ನಮ್ಮ ಕರ್ಟ್ ಮನೆಗೆ ಮರಳಿದ್ದಾನೆ! ರೆನೇ, ಪುಟ್ಟ ಟೆಸ್ಸಾ ಜೊತೆ ಮತ್ತೆ ಒಂದೇ ಸೂರಿನಡಿ!"

ಪೆಟ್ರೋಲ್ ಬಂಕಿಗೆ ಅಂಟಿಸಿದಳು, ಅಂಚೆ ಕಚೇರಿಗೆ ಅಂಟಿಸಿದಳು, ನನ್ನ ಬಾಗಿಲಿಗೂ ಅಂಟಿಸಿದಳು. ಆಮೇಲೆ ಎಲ್ಲರಿಗೂ ಕಾಣಲಿ ಅಂತ ಜಿಲ್ಲೆಯ ಸರ್ಕಾರಿ ಕೆಲಸ ನೋಡೋ ಕೌಂಟಿ ಆಫೀಸಿನ ಒಳಬಾಗಿಲ ಪಕ್ಕದಲ್ಲೂ ಒಂದು ಅಂಟಿಸಿ ಬಂದಳು.

ಆ ಆಫೀಸಿನಲ್ಲೇ ಕೆಂಡ್ರಾ ಹಾಲ್ವರ್ಸನ್ ಕೂರೋದು. ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳನ್ನ ಡೇಕೇರ್‌ನಲ್ಲಿ ಬಿಡಲಿಕ್ಕೆ ಸರ್ಕಾರ ಕೊಡೋ ಸಹಾಯ ಇದೆಯಲ್ಲ, ಅದನ್ನ ನೋಡಿಕೊಳ್ಳೋಳು ಅವಳು. ಆ ಸಹಾಯ ಇಲ್ಲದೆ ರೆನೇಯಂಥವಳು ಮಗುವನ್ನ ಡೇಕೇರ್‌ಗೆ ಕಳಿಸೋದು ಕನಸಿನ ಮಾತು. ಬೆಳಗ್ಗೆ ಬೆಳಕಾಗೋ ಮುಂಚೆ ಕೆಲಸ ಶುರು. ಡೇಕೇರ್ ಇಲ್ಲ ಅಂದರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದರೆ ಮನೆಯೂ ಇಲ್ಲ.

ಸ್ಪಗೆಟ್ಟಿ ಊಟಕ್ಕೆ ಕೆಂಡ್ರಾನೂ ಬಂದಿದ್ದಳು. ಬರೀ ಬರಲಿಲ್ಲ, ಏಪ್ರನ್ ಕಟ್ಟಿಕೊಂಡು ಬಡಿಸಿದಳು. ಕರ್ಟ್ ತಟ್ಟೆಗೆ ಸಾಸ್ ಹಾಕಿ, ಅವನ ಭುಜ ತಬ್ಬಿ, ಕಣ್ಣು ಒರೆಸಿಕೊಂಡಳು. ಅವನು ಎರಡು ತುತ್ತು ತಿಂದು ಬಕೆಟ್ಟಿಗೆ ವಾಂತಿ ಮಾಡಿಕೊಂಡಾಗ ಬಕೆಟ್ ಹಿಡಿದವಳೂ ಅವಳೇ. ಎತ್ತಿದ ದುಡ್ಡೆಲ್ಲ ನೇರ ಆಸ್ಪತ್ರೆಯ ಬಾಕಿಗೆ ಹೋಯ್ತು.

ಮುಂದಿನ ವಾರ ಅದೇ ಕೆಂಡ್ರಾ ರೆನೇಯನ್ನ ಆಫೀಸಿಗೆ ಕರೆಸಿದಳು. ರೆನೇ ಕಾರು ಚಳಿಗೆ ಸ್ಟಾರ್ಟ್ ಆಗಲಿಲ್ಲ, ನಾನೇ ಕರಕೊಂಡು ಹೋದೆ. ಬಾಗಿಲ ಪಕ್ಕ ಆ ಪೋಸ್ಟರ್ ಇನ್ನೂ ಹಲ್ಲು ಕಿರಿಯುತ್ತಿತ್ತು.

"ನಿಮ್ಮ ಮನೇಲಿ ಜನ ಹೆಚ್ಚಾಗಿದ್ದಾರೆ, ನೀವು ನಮಗೆ ತಿಳಿಸಿಲ್ಲ" ಅಂದಳು ಕೆಂಡ್ರಾ, ಜೇನು ಸುರಿಸುತ್ತಾ.

"ಹೆಚ್ಚಾಗಿಲ್ಲ ಕೆಂಡ್ರಾ. ಒಬ್ಬ ಸಾಯಕ್ಕೆ ಬಂದಿದ್ದಾನೆ."

"ಅಯ್ಯೋ, ನನಗೂ ಬೇಜಾರೇ ರೆನೇ. ಆದ್ರೆ ಮಗುವಿನ ತಂದೆ ಅದೇ ಮನೇಲಿ ವಾಸ ಇದ್ರೆ ಅವ್ರೂ ನಿಮ್ಮ ಕುಟುಂಬದ ಲೆಕ್ಕಕ್ಕೆ ಬರ್ತಾರೆ. ಅವ್ರು ಕೆಲಸಕ್ಕೆ ಹೋಗಲ್ಲ, ಹಗಲೆಲ್ಲ ಮನೇಲೇ ಇರ್ತಾರೆ. ಮಗು ನೋಡ್ಕೋಬಹುದಲ್ಲ? ಹಾಗಿರೋವಾಗ ನಾವು ಡೇಕೇರ್‌ಗೆ ಕೊಡಕ್ಕಾಗಲ್ಲ."

"ಬಚ್ಚಲಿಗೆ ಹೋಗಕ್ಕೆ ಗೋಡೆ ಹಿಡ್ಕೋತಾನೆ ಅವನು."

"ಮಗು ನೋಡ್ಕೊಳ್ಳೋ ಶಕ್ತಿ ಇಲ್ಲ ಅಂತ ಡಾಕ್ಟ್ರು ಬರ್ದು ಕೊಟ್ರೆ ಆಯ್ತು."

ನನಗೆ ಮೈಯೆಲ್ಲ ಉರಿದುಹೋಯ್ತು. "ಡಾಕ್ಟ್ರು ಯಾಕಮ್ಮ? ಅವತ್ತು ಬಕೆಟ್ ಹಿಡ್ಕೊಂಡು ನಿಂತಿದ್ದೋಳು ನೀನೇ ತಾನೆ? ಕಣ್ಣಾರೆ ನೋಡಿದ್ಯಲ್ಲ!"

"ಅದು ಬೇರೆ ವೈನೋ" ಅಂದಳು. ಮುಖ ಒಂಚೂರೂ ಕೆಂಪಾಗಲಿಲ್ಲ. "ಅಲ್ಲಿ ನಾನು ಚರ್ಚಿನ ಕಡೆಯಿಂದ ಬಂದಿದ್ದೆ."

ಛೀ. ಒಂದೇ ಮೈಯಲ್ಲಿ ಎರಡು ಕಣ್ಣು ಇಟ್ಟುಕೊಂಡು ಓಡಾಡುತ್ತಾರೆ ಇವರು. ಒಂದು ಅಳಲಿಕ್ಕೆ, ಒಂದು ಆಫೀಸಿಗೆ.

ಡುಲೂತ್‌ನ ದೊಡ್ಡಾಸ್ಪತ್ರೆಯ ಡಾಕ್ಟರ್ ಏನು ಬರೆದು ಕಳಿಸಿದ ಗೊತ್ತಾ? ರೋಗಿ ಭಾರ ಎತ್ತುವಂತಿಲ್ಲ, ಕೂತು ಮಾಡುವ ಹಗುರ ಕೆಲಸ ಮಾಡಬಹುದು. ಮಗು ನೋಡ್ಕೊಳ್ಳೋದು ಕೂತು ಮಾಡೋ ಹಗುರ ಕೆಲಸ ಅಂತ ಆಫೀಸು ಅರ್ಥ ಮಾಡಿಕೊಂಡಿತು. ನಾಲ್ಕು ವರ್ಷದ ಕೂಸನ್ನ ಯಾರಾದರೂ ಕೂತು ನೋಡಿಕೊಂಡದ್ದು ಈ ಭೂಮಿ ಮೇಲೆ ಉಂಟಾ? ತಿದ್ದಿ ಬರೆಸೋಣ ಅಂದರೆ ಡಾಕ್ಟರ್ ಹಿಮದ ಮೇಲೆ ಸ್ಕೀ ಆಡಲಿಕ್ಕೆ ಹೋಗಿದ್ದಾನೆ, ವಾಪಸ್ ಬಂದ ಮೇಲೆ ಸರದಿಯಲ್ಲಿ ನೋಡ್ತಾನಂತೆ. ಸಹಾಯ ನಿಂತಿತು. ಡೇಕೇರ್‌ನವರು ಟೆಸ್ಸಾ ಜಾಗವನ್ನ ಸ್ವಲ್ಪ ದಿನ ಖಾಲಿ ಇಟ್ಟುಕೊಂಡಿರ್ತೀವಿ, ಆಮೇಲೆ ಬೇರೆಯವರಿಗೆ ಕೊಡ್ತೀವಿ ಅಂದರು.

ರೆನೇ ಮೊದಲ ದಿನ ಮಗುವನ್ನ ಕರ್ಟ್ ಹತ್ತಿರ ಬಿಟ್ಟು ಹೋದಳು. ಅವನು ನೋವಿನ ಔಷಧಿಗೆ ಮಂಪರಾಗಿ ಬಿದ್ದಿದ್ದಾಗ ಟೆಸ್ಸಾ ಒಲೆ ಹಚ್ಚಿ ಅಪ್ಪನಿಗೆ ಬ್ರೆಡ್ ಸುಡಲಿಕ್ಕೆ ಹೋಗಿ ಪರದೆಗೆ ಬೆಂಕಿ ತಗುಲಿತು. ಪಕ್ಕದ ಮನೆಯವನು ಹೊಗೆ ನೋಡಿ ಓಡಿ ಬಂದ. "ನನ್ನ ಅಂಗಡೀಲಿ ಬಿಡು" ಅಂದೆ ನಾನು. ಬಿಟ್ಟಳು. ಗಿರಾಕಿಗೆ ಮೀನು ಎಣಿಸಿಕೊಡೋದರೊಳಗೆ ಹುಡುಗಿ ಹಿಂದಿನ ಬಾಗಿಲಿಂದ ಕೆರೆಗಿಳಿದಿದ್ದಳು. ಐಸ್ ಇನ್ನೂ ಸರಿಯಾಗಿ ಹೆಪ್ಪಾಗಿರಲಿಲ್ಲ. ಜುಟ್ಟು ಹಿಡಿದು ಎಳಕೊಂಡು ಬಂದೆ. ಆವತ್ತೇ ರೆನೇಗೆ ಹೇಳಿದೆ, ನನ್ನ ಕೈಲಿ ಆಗಲ್ಲ ಕಣಮ್ಮ ಅಂತ. ಅವಳು ಕೆಲಸಕ್ಕೆ ತಡವಾಗಿ ಹೋಗೋದು, ನಡುವೆ ಓಡಿ ಬರೋದು ಶುರುವಾಯ್ತು. ಇನ್ನೊಂದು ಸಲ ಹೀಗಾದರೆ ಬರೋದೇ ಬೇಡ ಅಂತ ವೃದ್ಧಾಶ್ರಮದವರು ಹೇಳಿಬಿಟ್ಟರು.

ರೆನೇ ಕೆಂಡ್ರಾಗೆ ಫೋನ್ ಮಾಡಿ ಗೋಗರೆದಳು. ತರಕಾರಿ ಹೆಚ್ಚುತ್ತಾ ಸ್ಪೀಕರ್‌ಗೆ ಹಾಕಿದ್ದಳು, ಅದೇ ತಪ್ಪಾಯ್ತು. "ಅವ್ರು ನಿಮ್ಮ ಮನೇಲಿ ಇಲ್ಲ ಅಂದ್ರೆ ಕಥೆ ಬೇರೆ" ಅಂದಳಂತೆ ಕೆಂಡ್ರಾ. "ಆಗ ಹಳೇ ಹಾಗೇ ನಡ್ಯುತ್ತೆ. ಅವ್ರು ಎಲ್ಲಿರ್ತಾರೆ ಅನ್ನೋದು ನಮಗೆ ಸಂಬಂಧ ಇಲ್ಲ."

ಸೋಫಾದ ಮೇಲಿದ್ದವನಿಗೆ ಕೇಳಿಸಿತು.

ಮಾರನೇ ದಿನ ರೆನೇ ಮಗುವನ್ನ ಕಟ್ಟಿಕೊಂಡು ಸಂಬಳದ ಚೀಟಿ ತರಲಿಕ್ಕೆ ಅಂತ ಹೋದಾಗ ಕರ್ಟ್ ನನಗೆ ಫೋನ್ ಮಾಡಿದ.

"ನಮ್ಮಪ್ಪನ ಮೀನು ಗುಡಿಸಲು ಇನ್ನೂ ನಿನ್ನ ಹಿತ್ತಲಲ್ಲೇ ಇದೆಯಾ?"

ಇದ್ದೇ ಇತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಎಳಕೊಂಡು ಹೋಗಿ ನಿಲ್ಲಿಸೋ ಹಲಗೆ ಗುಡಿಸಲು. ಒಳಗೆ ಒಂದು ಹಲಗೆ ಮಂಚ, ಸೌದೆ ಒಲೆ, ನೆಲದಲ್ಲಿ ಗಾಳ ಬಿಡಲಿಕ್ಕೆ ತೂತು. ಇಲ್ಲಿ ಗಂಡಸರು ದಿನಗಟ್ಟಲೆ ಅದರಲ್ಲೇ ಬಿದ್ದಿರುತ್ತಾರೆ, ಯಾರೂ ಏನೂ ಕೇಳಲ್ಲ.

"ತಲೆ ನೆಟ್ಟಗಿದೆಯಾ ನಿಂಗೆ? ಕೆರೆ ಮೇಲೆ ಹೋಗಿ ಸಾಯ್ತೀಯಾ? ನನ್ನ ರೂಮಿಗೆ ಬಾ."

"ನಿನ್ನ ಗೊರಕೆ ಕೇಳ್ಕೊಂಡು ಸಾಯಕ್ಕಾ? ಬೇಡಪ್ಪ. ಎಳ್ಕೊಂಡು ಹೋಗ್ತೀಯೋ, ನಾನೇ ಹಗ್ಗ ಕಟ್ಕೊಂಡು ಎಳೀಲೋ?"

ಅಷ್ಟು ಹೊತ್ತಿಗೆ ಐಸ್ ಗಟ್ಟಿಯಾಗಿತ್ತು. ಟ್ರಾಕ್ಟರಿಗೆ ಕಟ್ಟಿ ಎಳೆದೆ. ದಂಡೆ ಹತ್ತಿರ ಗಾಳಿ ಕಮ್ಮಿ, ಇಲ್ಲೇ ನಿಲ್ಲಿಸ್ತೀನಿ ಅಂದರೆ ಕೇಳಲಿಲ್ಲ. ಇನ್ನೂ ಆ ಕಡೆ, ಇನ್ನೂ ಸ್ವಲ್ಪ ಅಂತ ಕೈ ತೋರಿಸುತ್ತಾ ಹೋದ. ಬಾಗಿಲು ತೆಗೆದರೆ ರೆನೇ ಅಡಿಗೆಮನೆ ಕಿಟಕಿ ನೇರಕ್ಕೆ ಕಾಣೋ ಜಾಗಕ್ಕೆ ಬಂದ ಮೇಲೆ "ಸಾಕು" ಅಂದ. ಅಲ್ಲೇ ಹಗ್ಗ ಬಿಚ್ಚಿದೆ.

ಸಾಯಂಕಾಲ ರೆನೇ ಕೆರೆ ದಾಟಿಕೊಂಡು ಬಂದ ಆರ್ಭಟ ನೋಡಬೇಕಿತ್ತು. ಗುಡಿಸಲ ಬಾಗಿಲಿಗೆ ಒದ್ದಳು.

"ಬಾರೋ ಆಚೆ!"

"ಆಚೇನೇ ಇದ್ದೀನಲ್ಲೇ."

"ನಾಟಕ ಸಾಕು. ನಡಿ ಮನೆಗೆ. ಡಾಕ್ಟ್ರು ಬಂದ ಮೇಲೆ ಬರೆಸ್ಕೊಂಡು ಬರ್ತೀನಿ."

"ಅಷ್ಟರಲ್ಲಿ ನಿನ್ನ ಕೆಲಸ ಹೋಗಿರುತ್ತೆ. ಬೆಂಕಿ ಮರೆತ್ಯಾ? ನನ್ನಿಂದ ಆ ಮಗೂಗೆ ಇಷ್ಟು ದಿನ ಏನು ಒಳ್ಳೇದಾಗಿದೆ ಹೇಳು. ಒಂದು ಹ್ಯಾಮೂ ತಂದು ಕೊಟ್ಟಿಲ್ಲ."

"ಅವತ್ತೂ ಹೀಗೇ ಎದ್ದು ಹೋದೆ."

"ಅವತ್ತು ನೀನು ತಡೀಲಿಲ್ಲ."

"ಹೇಳಿ ಹೋಗಿದ್ರೆ ತಾನೆ ಮಾರಾಯ ತಡೆಯೋದು!" ಅಂತ ಕಿರುಚಿದಳು. ಆಮೇಲೆ ಇಬ್ಬರೂ ನಕ್ಕರು. ನಗ್ತಾ ನಗ್ತಾನೇ ರೆನೇ ಕೂತು ಒಲೆಗೆ ಸೌದೆ ಹಾಕಿದಳು.

ಕರ್ಟ್ ಮನೆ ಬಿಟ್ಟ ಅಂತ ಆಫೀಸಿಗೆ ತಿಳಿಸಿದರೆ ಅವರು ನಂಬುತ್ತಾರಾ? ಪರೀಕ್ಷೆ ಮಾಡಲಿಕ್ಕೆ ಒಬ್ಬ ದಢೂತಿ ಮನುಷ್ಯನನ್ನ ಕಳಿಸಿದರು. ಅವನು ರೆನೇ ಬಚ್ಚಲಲ್ಲಿ ಗಂಡಸಿನ ರೇಜರ್ ಇದೆಯಾ ಅಂತ ಹುಡುಕಿದ, ಬಾಗಿಲ ಹಿಂದೆ ಬೂಟು ನೋಡಿದ, ಒಗೆಯೋ ಬಟ್ಟೆಬುಟ್ಟಿಗೆ ಕೈ ಹಾಕಿ ಚಡ್ಡಿ ಎತ್ತಿ ಎತ್ತಿ ನೋಡಿದ. ಆಮೇಲೆ ನನ್ನ ಅಂಗಡಿಗೆ ಬಂದು ಗುಡಿಸಲಿಗೆ ಬಿಡ್ತೀರಾ ಅಂದ. ನಡಕೊಂಡು ಹೋಗು, ಮೈ ಕರಗುತ್ತೆ ಅಂದೆ. ಏನು ಕೇಳ್ತಾನೋ ನೋಡೋಣ ಅಂತ ಹಿಂದೆಯೇ ನಾನೂ ಹೋದೆ.

"ಬೇಗ ಬಾಗಿಲು ಹಾಕಪ್ಪ, ಮೀನಿಗೆ ಚಳಿ ಆಗುತ್ತೆ" ಅಂದ ಕರ್ಟ್. ಮಂಚದ ಮೇಲೆ ಕಂಬಳಿ ಸುತ್ತಿಕೊಂಡು ಗಾಳ ಹಿಡಿದು ಕೂತಿದ್ದ. ಕೈ ಗಾಳದ ಕಡ್ಡಿಯಷ್ಟೇ ತೆಳ್ಳಗಾಗಿತ್ತು.

"ರಾತ್ರಿ ಎಲ್ಲಿ ಮಲಗ್ತೀರಿ?" ಅಂದ ದಢೂತಿ, ಅದೇ ಮಂಚದ ತುದಿಗೆ ಕೂತು.

"ನೀವು ಕೂತಿರೋ ಜಾಗದಲ್ಲಿ."

"ಊಟ?"

ನೆಲದ ತೂತು ತೋರಿಸಿದ.

"ಹುಷಾರಿಲ್ಲ ಅಂತ ಕೇಳ್ದೆ?"

"ಕೂತು ಮಾಡೋ ಹಗುರ ಕೆಲಸ ಮಾಡಬಹುದು ಅಂದಿದ್ದಾರೆ ಡಾಕ್ಟ್ರು. ಮಾಡ್ತಾ ಇದ್ದೀನಿ."

ದಢೂತಿ ಎಲ್ಲ ಬರಕೊಂಡ. ಹೊರಡುವಾಗ ಮೂಲೆಯಲ್ಲಿದ್ದ ದೊಡ್ಡ ವಾಲೈ ಮೀನು ನೋಡಿ, "ಇದು ಕೊಡೋದಾ?" ಅಂದ. ಕರ್ಟ್ ಕೊಟ್ಟುಬಿಟ್ಟ. ಸಾಯೋನ ಹತ್ತಿರ ಮೀನು ಇಸ್ಕೊಂಡು, ಬಾಲ ಹಿಡಿದು ತೂಗಿಸಿಕೊಂಡು ಕೆರೆ ದಾಟಿ ಹೋದ. ಥೂ ನಿನ್ನ ಅಂತ ಉಗುಳಿದೆ, ಉಗುಳು ಬೀಳೋದರೊಳಗೆ ಹೆಪ್ಪಾಯ್ತು.

ಸಹಾಯ ಮತ್ತೆ ಶುರುವಾಯ್ತು. ಟೆಸ್ಸಾ ಡೇಕೇರ್‌ಗೆ ಹೋದಳು. ರೆನೇ ಕೆಲಸ ಉಳಿಯಿತು.

ಮನೆಮನೆಗೆ ಬರೋ ನರ್ಸು ಐಸ್ ಮೇಲೆ ಕಾಲಿಡಲ್ಲ ಅಂದಳು, ಅವರ ಇನ್ಶೂರೆನ್ಸ್ ಒಪ್ಪಲ್ವಂತೆ. ಹಾಗಾಗಿ ರೆನೇನೇ ಕೆಲಸ ಮುಗಿಸಿ ಬಂದು ಅವನ ಮೈ ಒರೆಸಿ, ನೋವಿನ ಹನಿ ನಾಲಿಗೆ ಕೆಳಗೆ ಬಿಟ್ಟು, ಸಾರು ಕುಡಿಸುತ್ತಿದ್ದಳು. ಟೆಸ್ಸಾ ತೂತಿನ ಪಕ್ಕ ಬೋರಲು ಮಲಗಿ ಮೀನು ಕರೆಯುತ್ತಿದ್ದಳು. ಕತ್ತಲಾಗೋ ಹೊತ್ತಿಗೆ ತಾಯಿ ಮಗಳು ಮನೆಗೆ ಹೊರಡಬೇಕು. ಅವನು ಅಲ್ಲಿ ಮಲಗಬಾರದು, ಇವರು ಇಲ್ಲಿ ಮಲಗಬಾರದು, ಮಲಗಿದರೆ ಆಫೀಸಿನವರು ಒಂದೇ ಮನೆ ಅಂತಾರೆ.

"ಅಪ್ಪ ಯಾಕೆ ನಮ್ಮ ಮನೆಗೆ ಬರಲ್ಲ ವೈನೋ ತಾತ?" ಅಂತ ಒಂದು ದಿನ ಆ ಕೂಸು ಕೇಳಿತು.

"ಮೀನು ಬಿಟ್ಟು ಬರಕ್ಕಾಗಲ್ವಂತೆ" ಅಂದೆ. ಇನ್ನೇನು ಹೇಳಲಿ?

ಫೆಬ್ರವರಿಯಲ್ಲಿ ಒಂದು ದಿನ ಬೆಳಗಿನ ಹೊತ್ತು ಸೌದೆ ಕೊಡಲಿಕ್ಕೆ ಹೋದಾಗ ಕರ್ಟ್ ಬಾಗಿಲು ತೆರೆದಿಡು ಅಂದ. ಚಳಿ ಕಣೋ ಅಂದೆ. ಇರಲಿ ಅಂದ. ಅವನ ಕಣ್ಣು ರೆನೇ ಮನೆಯ ಆ ಕಿಟಕಿ ಮೇಲಿತ್ತು. ಮಧ್ಯಾಹ್ನ ಇನ್ನಷ್ಟು ಸೌದೆ ತಗೊಂಡು ಹೋಗುವಾಗ ರೆನೇ ಎದುರಿಗೆ ನಡೆದುಕೊಂಡು ಬರುತ್ತಿದ್ದಳು.

"ಸೌದೆ ವಾಪಸ್ ತಗೊಂಡು ಹೋಗಿ ವೈನೋ" ಅಂದಳು. "ಇನ್ನು ಬೇಡ."

ಅಂತ್ಯಕ್ರಿಯೆ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಇಟ್ಟರು. ಕಾರ್ಪೆಟ್ ಅಣ್ಣ ಮುಂದಿನ ಸಾಲಲ್ಲಿ ಕೂತು ಗೊಳೋ ಅಂದ. ಕೆಂಡ್ರಾ ನಿಂಬೆ ಸಿಹಿ ಮಾಡಿ ತಂದು ರೆನೇಯನ್ನ ತಬ್ಬಿಕೊಂಡಳು. ಎಲ್ಲರ ಬಾಯಲ್ಲೂ ಕರ್ಟ್ ಒಳ್ಳೆಯವನು, ಒಳ್ಳೆಯವನು. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಲವಾನ್ ಸುಮ್ಮನಿರುತ್ತಾಳಾ? ನಮ್ಮ ವಾರಪತ್ರಿಕೆಗೆ ಸಾವಿನ ಸುದ್ದಿ ಬರೆಯೋಳೂ ಅವಳೇ. ಯಾರನ್ನೂ ಒಂದು ಮಾತು ಕೇಳದೆ, ಎಲ್ಲರಿಗೂ ಬರೆಯೋ ಹಾಗೆ ಬರೆದು ಹಾಕಿದಳು: "ಕರ್ಟ್ ಸಾಲ್ಮೆಲಾ ತಮ್ಮ ಮನೆಯಲ್ಲಿ, ರೆನೇ ಮತ್ತು ಟೆಸ್ಸಾ ಅವರ ಮಡಿಲಲ್ಲಿ ಶಾಂತವಾಗಿ ಕಣ್ಣು ಮುಚ್ಚಿದರು."

ಪತ್ರಿಕೆ ಬಂದ ದಿನವೇ ಫೋನ್ ಬಂತು. ರೆನೇ ನನ್ನ ಅಂಗಡಿಯಲ್ಲಿದ್ದಳು, ಗುಡಿಸಲಿಂದ ತಂದ ಅವನ ಕಂಬಳಿ, ಲೋಟ, ಗಾಳದ ಡಬ್ಬಿ ಗಲ್ಲಾ ಮೇಲೆ ಇಟ್ಟಿದ್ದಳು. ಡಬ್ಬಿ ನನ್ನದೇ, ಎಂದೋ ಕದ್ದದ್ದು. ಫೋನಿನ ಮೇಲೆ ಬಂದ ಹೆಸರು ನೋಡಿ, ಸ್ಪೀಕರ್ ಒತ್ತಿ ನನ್ನ ಕಡೆ ನೋಡಿದಳು.

"ರೆನೇ, ಹೇಗಿದ್ದೀರಿ ಪಾಪ? ಒಂದೇ ಒಂದು ವಿಷಯ" ಅಂದಳು ಕೆಂಡ್ರಾ. "ಪೇಪರ್‌ನಲ್ಲಿ ಕರ್ಟ್ ಮನೇಲಿ ತೀರ್ಕೊಂಡ್ರು ಅಂತ ಇದೆ. ಯಾವ ಮನೆ ಅಂತ ನಾನು ಕೇಳ್ಬೇಕಾಗುತ್ತೆ. ಅವ್ರು ನಿಮ್ಮ ಜೊತೆನೇ ಇದ್ರು ಅಂದ್ರೆ, ಇಷ್ಟು ದಿನ ಕೊಟ್ಟಿದ್ದೆಲ್ಲ ವಾಪಸ್ ಕೇಳ್ತಾರೆ. ಟೆಸ್ಸಾದು ನಿಂತೂ ಹೋಗುತ್ತೆ."

ನಾನು ಬಾಯಿ ತೆರೆದೆ. ರೆನೇ ಕೈ ಎತ್ತಿ ತಡೆದಳು.

"ಕೆರೆ ಮೇಲೆ ಸತ್ತ" ಅಂದಳು.

"ನಿಮ್ಮ ಮನೇಲಿ ಅಲ್ಲ?"

"ಅಲ್ಲ."

"ನಿಮ್ಮ ಕುಟುಂಬದವ್ರಲ್ಲ, ಅಲ್ವಾ? ಹಾಗೇ ಬರ್ಕೋಬೇಕು, ಅದಕ್ಕೆ ಕೇಳ್ದೆ."

ರೆನೇ ಆ ಲೋಟ ಕೈಗೆತ್ತಿಕೊಂಡಳು. ಅದರ ತಳದಲ್ಲಿ ಸಾರಿನ ಕಲೆ ಒಣಗಿತ್ತು. ಮೂರು ತಿಂಗಳು ಅವನ ಮೈ ತೊಳೆದ ಕೈ ಅದು.

"ಅಲ್ಲ" ಅಂದಳು. "ಅವನು ನಮ್ಮ ಮನೆಯವನಲ್ಲ."

"ಹಾಗಿದ್ರೆ ಏನೂ ತೊಂದರೆ ಇಲ್ಲ. ನಿಮ್ಮ ಕುಟುಂಬದಲ್ಲಿ ಯಾವ ಬದಲಾವಣೆಯೂ ಇಲ್ಲ ಅಂತ ಹಾಕ್ತೀನಿ. ಹುಷಾರಾಗಿರಿ ರೆನೇ, ನಿಮಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀನಿ."

ಫೋನ್ ನಿಂತಿತು. ಟೆಸ್ಸಾಳನ್ನ ಡೇಕೇರ್‌ನಿಂದ ಕರಕೊಂಡು ಬರೋ ಹೊತ್ತಾಗಿತ್ತು. ರೆನೇ ಹೊರಡಲಿಲ್ಲ. ಮೀನುತೊಟ್ಟಿಯ ಅಂಚಿನ ಮೇಲೆ ಕೂತು, ಲೋಟವನ್ನ ಮಡಿಲಲ್ಲಿ ಇಟ್ಟುಕೊಂಡು, ನಾನು ನೋಡಿದ ಹಾಗೆ ಮೊದಲನೇ ಸಲ ಅತ್ತಳು. ಮಗುವನ್ನ ನಾನು ಹೋಗಿ ಕರಕೊಂಡು ಬಂದೆ.